ನೈವೇದ್ಯದ ಹಾಲು, ಕೂಸಿನ ಗಂಜಿ

ಕಾರಟಗಿ, ಸೋಮವಾರ

ಅತ್ತೆಯವರಿಗೆ ನಮಸ್ಕಾರ.

ನಾಲ್ಕು ಸಲ ಬಾಯಲ್ಲಿ ಹೇಳಿದೆ, “ಆತು ಬಿಡವಾ” ಅಂದಿರಿ. ಅದಕ್ಕೇ ಬರೆದು ಫ್ರಿಜ್ಜಿಗೆ ಅಂಟಿಸಿ ಕೆಲಸಕ್ಕೆ ಹೊರಟಿದ್ದೇನೆ.

ನಿನ್ನೆಯೂ ಕೂಸು ಐಶ್ವರ್ಯ ಬೆಳಿಗ್ಗೆ ತಿಂದು ಉಳಿಸಿದ ರಾಗಿ ಗಂಜಿಯನ್ನು ಬಟ್ಟಲು ಸಮೇತ ಅಡುಗೆ ಕಟ್ಟೆಯ ಮೇಲೆ ಮುಚ್ಚಿಟ್ಟು, ಸಂಜೆ ಅದನ್ನೇ ಉಣಿಸಿದಿರಿ. ಹೋದ ವಾರ ಕೂಸಿಗೆ ಭೇದಿಯಾಗಿದ್ದೂ ಹೀಗೆಯೇ. ಕೇಳಿದರೆ, “ಎಂಜಲ ಬಟ್ಟಲಾ ಫ್ರಿಜ್ಜಿನಾಗ ನೈವೇದ್ಯದ ಹಾಲಿನ ಬಾಜೂಕ ಹ್ಯಾಂಗ ಇಡ್ಲಿ?” ಅಂದಿರಿ.

ಇಡಲೇಬೇಡಿ. ಉಣಿಸುವ ಮೊದಲೇ, ಚಮಚ ತಾಗದ ಗಂಜಿಯನ್ನು ಮುಚ್ಚಳದ ಡಬ್ಬಿಗೆ ತೆಗೆದು ಫ್ರಿಜ್ಜಿನಲ್ಲಿಡಿ. ಸಂಜೆ ಅದನ್ನು ಕುದಿಸಿ, ಆರಿಸಿ ಕೊಡಿ. ಬಟ್ಟಲಲ್ಲಿ ಉಳಿದದ್ದನ್ನು ಎಮ್ಮೆಗೆ ಹಾಕಿ.

ದೇವರಿಗೆ ಎಂಜಲು ತಾಗಬಾರದೆಂದು ಇಷ್ಟು ಕಾಯುತ್ತೀರಲ್ಲ, ಮೊಮ್ಮಗಳನ್ನೂ ಅಷ್ಟೇ ಕಾಯಿರಿ.

ನಿಮ್ಮ ಸೊಸೆ,
ಹೇಮಾವತಿ