ಪಕ್ಕದ ಹರಿಗೋಲಿನ ಮೀನು

ಕರಜಗಿ,
೧೬ ಅಕ್ಟೋಬರ್ ೧೯೯೪, ರವಿವಾರ

ಮಗಳ ಬಾಣಂತನಕ್ಕೆಂದು ಸರಸಂಬಾದಲ್ಲಿ ಠಾಣ್ಯ ಹೂಡಿರುವ ಗಂಗಾಬಾಯಿಗೆ, ಭೀಮಾ ನದಿಯ ದಂಡೆಯಿಂದ ನಿನ್ನ ಗಂಡ ಚಂದ್ರಾಮಪ್ಪ ಎದೆ ತುಂಬಿ ಕೂಗಿ ಹೇಳುವ ಆಶೀರ್ವಾದಗಳು!

ಶಿವಕಾಂತಾ, ಓದುವವಳು ನೀನೇ ಎಂದು ನನಗೆ ಗೊತ್ತು. ನಿಮ್ಮವ್ವನಿಗೆ ಬೇಕಾದಾಗ ಕನ್ನಡಕ ಸಿಕ್ಕ ದಿನವೇ ಇಲ್ಲ. ಆದ್ದರಿಂದ ಗಟ್ಟಿಯಾಗಿ ಓದು ಮಗಳೇ, ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು. ತೊಟ್ಟಿಲಲ್ಲಿರುವ ಕೂಸು ಎದ್ದರೆ ಏಳಲಿ. ಅಜ್ಜನ ಮಾತಿನ ಸಪ್ಪಳ ಈಗಿನಿಂದಲೇ ರೂಢಿಯಾಗಲಿ.

ಗಂಗಾ, ನಿನ್ನ ಎರಡು ಕಾಗದ ಬಂದವು. ಎರಡನೆಯದರಲ್ಲಿ, ‘ಜೀವಂತ ಅದೀರೋ ಇಲ್ಲೋ, ಅಷ್ಟರ ಬರೀರಿ’ ಎಂದು ಬರೆಸಿದ್ದೀ. ಇದ್ದೇನೆ ಮಹಾರಾಯತಿ, ಇದ್ದೇನೆ. ನಾನೇ ಬಡಿದ ರೊಟ್ಟಿ ತಿಂದೂ ಇದ್ದೇನೆ ಎಂದರೆ ಇನ್ನು ನನಗೆ ಮರಣ ಸುಲಭವಲ್ಲ ಎಂದು ತಿಳಿ. ಎಮ್ಮೆ ಎರಡು ಹೊತ್ತು ಹಾಲು ಕೊಡುತ್ತದೆ, ಒಂದು ಹೊತ್ತು ಒದೆಯುತ್ತದೆ. ಪತ್ರ ಬರೆಯಲು ತಡವಾದದ್ದು ನಿಜ, ತಪ್ಪಾಯಿತು. ಆದರೆ ನೀನು ಅತ್ತ ಹೋದ ಮೇಲೆ ಇತ್ತ ಎಂಥ ನಾಟಕ ನಡೆಯಿತು ಎಂದು ಕೇಳಿದರೆ ನೀನೇ ಮಾಫಿ ಮಾಡುತ್ತೀ. ಪರದೆ ಎತ್ತಲೇ?

ನೀನು ಹೋದ ವಾರದಲ್ಲೇ ಗುಲಬರ್ಗಾದಿಂದ ದೌಲತರಾಯ ಸಾಹೇಬರು ಜೀಪಿನಲ್ಲಿ ಬಂದರು. ಮೀನಿನ ಇಲಾಖೆಯ ಅಧಿಕಾರಿ, ಇನ್ನೂ ಮೀಸೆ ಸರಿಯಾಗಿ ದಪ್ಪಾಗದ ಹುಡುಗ, ಆದರೆ ಮಾತು ಮೆತ್ತಗೆ. ಜೀಪಿನಿಂದ ಇಳಿದದ್ದು ಕೈಯಲ್ಲಿ ಹಿಡಿಯುವಂಥ ಕರಿ ಪೆಟ್ಟಿಗೆಗಳು. ವಾಯರ್‌ಲೆಸ್! ಸಮುದ್ರದ ಮೇಲೆ ದೊಡ್ಡ ದೊಡ್ಡ ದೋಣಿಗಳು ಎಲ್ಲಿವೆ, ಎಷ್ಟು ಮೀನು ಹಿಡಿದವು ಎಂಬುದನ್ನು ಕೆಲವು ದೇಶಗಳಲ್ಲಿ ದಂಡೆಯ ಮೇಲೆ ಕೂತೇ ತಿಳಿಯುತ್ತಾರಂತೆ. ಅದೇ ವಿದ್ಯೆ ನಮ್ಮ ಹಿನ್ನೀರಿನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ. ಹರಿಗೋಲಿಗೆ ಒಂದು ಪೆಟ್ಟಿಗೆ, ದಂಡೆಯ ಗುಡಿಸಲಿನಲ್ಲಿ ಒಂದು. ಸಂಜೆ ಆರಕ್ಕೆ ದಂಡೆಯವನು, ಅವನಿಗೆ ‘ಸ್ಟೇಷನ್’ ಎಂದು ಹೆಸರು, ಒಬ್ಬೊಬ್ಬರನ್ನೇ ಕರೆಯಬೇಕು. ನೀರಿನ ಮೇಲಿದ್ದವನು ಗುಂಡಿ ಒತ್ತಿ, ತಾನು ಎಲ್ಲಿದ್ದೇನೆ, ಎಷ್ಟು ಕಿಲೋ ಬಿತ್ತು ಎಂದು ಹೇಳಬೇಕು. ಏನೂ ಬೀಳದಿದ್ದರೆ ಮಾತೂ ಬೇಡ, ಗುಂಡಿಯನ್ನು ಎರಡು ಸಲ ಒತ್ತಿದರೆ ಸಾಕು. ಆಮೇಲೆ ದಂಡೆಯ ತಕ್ಕಡಿಯಲ್ಲಿ ತೂಗಿ ತಾಳೆ ನೋಡುವುದು.

‘ಮಹಾನವಮಿಗೆ ಬರ್ತೇನಿ’ ಎಂದರು ಸಾಹೇಬರು. ‘ಮಾತಿಗೂ ತಕ್ಕಡಿಗೂ ಹೊಂದಿದ್ರ ಪೆಟಗಿ ಇಲ್ಲೇ ಇರ್ತಾವ. ಹೊಂದಲಿಲ್ಲಾಂದ್ರ ಬ್ಯಾರೆ ಕೆರಿಗಿ ಒಯ್ತೇನಿ, ಬೇಜಾರ ಮಾಡ್ಕೋಬ್ಯಾಡ್ರಿ.’

ದಂಡೆಯಲ್ಲಿ ಕೂತು ಕರೆಯುವವನು ಯಾರು? ಮೀನುಗಾರರ ಸಂಘದವರೆಲ್ಲ ಒಂದೇ ಕಡೆ ತಿರುಗಿ ನೋಡಿದರು. ಬುರಾನುದ್ದೀನನಂತೂ, ‘ಚಂದ್ರಾಮ ಕಾಕಾ ಕುಂತ್ರ ಪೆಟಗಿ ಯಾಕ ಬೇಕ್ರಿ ಸಾಹೇಬ್ರ? ಬಾಯಿ ತೆರದ್ರ ಸಾಕು, ಅಫಜಲಪುರದಾಗ ಬಸ್ ನಿಂದರ್ತದ’ ಎಂದ. ನಾನು ಹುಟ್ಟಿದ್ದು ಅಂಬಿಗರ ಮನೆಯಲ್ಲಾದರೂ ಬೆಳೆದದ್ದು ಪರದೆಯ ಹಿಂದೆ. ನಾಟಕ ಕಂಪನಿ ಮುಚ್ಚಿ ಇಷ್ಟು ವರ್ಷಗಳಾದ ಮೇಲೆ ಮತ್ತೆ ನನ್ನ ಮುಂದೊಂದು ಮೈಕು!

ಊರಿನವರು ತಿಳಿದದ್ದು ಅಷ್ಟೇ: ಮುದುಕನಿಗೆ ಮತ್ತೆ ರಂಗ ಸಿಕ್ಕಿತು, ಅದಕ್ಕೇ ಕುಣಿಯುತ್ತಾನೆ ಎಂದು. ಆದರೆ ನಿನಗೆ ನಾನು ಬಿಡಿಸಿ ಹೇಳಬೇಕೆ ಗಂಗಾ? ನಾಲ್ಕನೇ ನಂಬರಿನ ಪೆಟ್ಟಿಗೆ ಹೋದದ್ದು ನಮ್ಮ ಗುರಣ್ಣನ ಹರಿಗೋಲಿಗೆ. ಬೇರೆ ಒಲೆ ಹೂಡಿ ಎರಡು ವರ್ಷವಾಯಿತು, ಮಗ ಅಪ್ಪನೊಂದಿಗೆ ಒಂದು ಮಾತಾಡಿಲ್ಲ. ಆ ದಿನ ಯಾರು ಏನೆಂದರು ಎಂಬುದು ಈಗ ಬೇಡ, ನೀನೂ ಅಲ್ಲೇ ಇದ್ದೆ. ಹಿರಿಯರು ಹೇಳಿ ನೋಡಿದರು, ಅಂದೋಲಾ ಮಠದ ಅಜ್ಜನವರು ಕರೆಸಿ ಹೇಳಿದರು, ಆಗಲಿಲ್ಲ. ಈಗ ಸರಕಾರವೇ ನಿಯಮ ಮಾಡಿದೆ, ಸಂಜೆಯಾದರೆ ಅವನು ದಂಡೆಯವನೊಂದಿಗೆ ಮಾತಾಡಲೇಬೇಕು. ದಂಡೆಯವನು ಯಾರು? ನಾನು! ಹಿರಿಯರಿಂದ ಆಗದ್ದು ಬ್ಯಾಟರಿಯಿಂದ ಆಗುತ್ತದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಮೊದಲ ಸಂಜೆ. ಇಸ್ತ್ರಿ ಅಂಗಿ ತೊಟ್ಟು ಕೂತೆ. ಗುಂಡಿ ಒತ್ತಿ, ‘ಭೀಮರಥಿಯ ತೆರೆಗಳನ್ನು ಸೀಳಿ ಮುನ್ನುಗ್ಗುತ್ತಿರುವ ಒಂದನೇ ನಂಬರಿನ ಬುರಾನುದ್ದೀನನೇ! ಎಲ್ಲಿರುವೆ? ನಿನ್ನ ಬಲೆಯಲ್ಲಿ ಸೆರೆಯಾದವರೆಷ್ಟು?’ ಎಂದು ಗರ್ಜಿಸಿದೆ.

‘ಯಾ ಅಲ್ಲಾ! ಕಾಕಾ, ಕಿವಿ ಹರದು ಹೋತು. ಸಣ್ಣಗ ಒದರ್ರಿ, ಬಲಿಯಾಗಿನ ಮೀನ ಓಡಿ ಹೋಗ್ತಾವ. ಏನಿಲ್ರಿ ಇವತ್ತ.’

ಅಷ್ಟು ಹೇಳಿ ಗುಂಡಿಯಿಂದ ಬೆರಳು ತೆಗೆಯಲು ಮರೆತ ಪುಣ್ಯಾತ್ಮ. ಮುಂದೆ ಅವನು ತನ್ನಷ್ಟಕ್ಕೆ ಗೊಣಗಿದ್ದೆಲ್ಲ ಗುಡಿಸಲಿನಲ್ಲಿ ಕೇಳತೊಡಗಿತು. ಹೆಂಡತಿಯ ಕೈಯ ಖಾರಬ್ಯಾಳಿ ಸಾರಿನಲ್ಲಿ ಬ್ಯಾಳಿ ಹುಡುಕಲು ಬಲೆ ಬೀಸಬೇಕಂತೆ. ತಕ್ಕಡಿ ಹಿಡಿದು ನನ್ನ ಪಕ್ಕದಲ್ಲೇ ಕೂತಿದ್ದವಳು ಯಾರು? ಅವನ ಹೆಂಡತಿ ನಜಮುನ್ನಿಸಾ! ಪೂರ್ತಿ ಕೇಳಿಸಿಕೊಂಡಳು. ‘ದಂಡಿಗಿ ಬರ್ಲಿ, ಬ್ಯಾಳಿ ತೋರಸ್ತೇನಿ’ ಎಂದಳು, ಅಷ್ಟೇ.

ಎರಡನೆಯವನು ‘ಏನಿಲ್ಲ’. ಮೂರನೆಯವನು ಸಿಕಂದರ, ‘ಏನಿಲ್ಲ ಕಾಕಾ’. ಅಂಗಿಯ ಕಾಲರ್ ಸರಿಮಾಡಿಕೊಂಡು ನಾಲ್ಕನೆಯ ನಂಬರು ಕರೆದೆ. ಆಮೇಲೆ ‘ಟಕ್, ಟಕ್’. ಎರಡು ಸಲ ಗುಂಡಿ ಒತ್ತಿದ ಸಪ್ಪಳ. ಮಗ ಯಾರು? ನನ್ನ ಮಗ! ಮಾತಿಲ್ಲದೆ ಪಾರಾಗುವ ದಾರಿ ಸಾಹೇಬರ ನಿಯಮದಲ್ಲೇ ಹುಡುಕಿದ್ದ.

ಅದಾಗಿ ಹರಿಗೋಲುಗಳು ದಂಡೆಗೆ ಬಂದವು ನೋಡು, ಎಲ್ಲರ ಬುಟ್ಟಿಯೂ ತುಂಬಿ ತುಳುಕುತ್ತಿದೆ! ಕಾಟ್ಲಾ, ರೋಹು ಪಟಪಟ ಒದ್ದಾಡುತ್ತಿವೆ. ಪೆಟ್ಟಿಗೆಯಲ್ಲಿ ಏನೂ ಇಲ್ಲ, ತಕ್ಕಡಿಯಲ್ಲಿ ಎಲ್ಲವೂ ಇದೆ. ಮರುದಿನವೂ ಹಾಗೆಯೇ, ಮರುವಾರವೂ ಹಾಗೆಯೇ. ನಡುವೆ ಒಮ್ಮೆ ಬಂದ ಸಾಹೇಬರು ತಲೆ ಹಿಡಿದು ಕೂತರು. ‘ಚಂದ್ರಾಮಪ್ಪನವರ, ಪೆಟಗಿ ಸುಳ್ಳ ಹೇಳ್ತದೋ, ಮಂದಿ ಸುಳ್ಳ ಹೇಳ್ತಾರೋ?’

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನೀರಿನ ಮೇಲಿರುವಾಗ ನಮ್ಮವರು ತಮ್ಮ ಬಲೆಗೆ ಬಿದ್ದದ್ದನ್ನು ಬಾಯಿಬಿಟ್ಟು ಹೇಳುತ್ತಾರೆಯೇ? ಹೊಳೆಯ ತಾಯಿ ಗಂಗವ್ವ ಕೇಳಿಸಿಕೊಂಡರೆ ಕೈ ಬಿಗಿ ಹಿಡಿಯುತ್ತಾಳೆ, ನಾಳೆಯ ಬಲೆ ಬರಿದು. ಹಿಂದೂ ಇರಲಿ ಮುಸಲ್ಮಾನ ಇರಲಿ, ಹರಿಗೋಲು ಹತ್ತಿದವರಿಗೆಲ್ಲ ಇದೊಂದೇ ಕಟ್ಟು. ದಂಡೆಗೆ ಕಾಲಿಟ್ಟ ಮೇಲೆಯೇ ಲೆಕ್ಕ. ಇದನ್ನು ಸಾಹೇಬರಿಗೆ ಯಾರೂ ಹೇಳಿರಲಿಲ್ಲ. ಜೀವಮಾನವೆಲ್ಲ ರಂಗದ ಹಲಗೆಯ ಮೇಲೆ ನಿಂತ ನನಗೂ ಹೊಳೆದಿರಲಿಲ್ಲ. ಈಗ ಬಿಡಿಸಿ ಹೇಳಿದೆ. ಸಾಹೇಬರು ನಗಲಿಲ್ಲ, ಅದು ಅವರ ದೊಡ್ಡ ಗುಣ. ‘ನಿಮ್ಮ ನಂಬಿಗಿ ನಾ ಮುರೀಲ್ಲ. ಆದ್ರ ನೀರಿನ ಮ್ಯಾಲಿಂದ ಲೆಕ್ಕ ಬರಲಿಲ್ಲಾಂದ್ರ ಪೆಟಗಿ ಇಟ್ಟು ಏನ್ ಮಾಡ್ಲಿ?’ ಎಂದು ಹೋದರು.

ಮಹಾನವಮಿ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರದಾಯಿತು. ಆ ಟಕ್ ಟಕ್ ಕೂಡ ಹೋಗುತ್ತದಲ್ಲ ಎಂಬ ಚಿಂತೆ. ಹೌದು ಗಂಗಾ, ಅಷ್ಟಕ್ಕೆ ಬಂದಿದ್ದೆ ನಾನು. ಸಂಜೆಯ ಆ ಎರಡು ಸಪ್ಪಳಕ್ಕಾಗಿ ಮಧ್ಯಾಹ್ನದಿಂದಲೇ ಕಾಯುತ್ತಿದ್ದೆ.

ಆಗ ನಮ್ಮನ್ನು ಕಾಪಾಡಿದ್ದು ಯಾವ ದೇವರು ಅಂದುಕೊಂಡೆ? ಹೊಟ್ಟೆಕಿಚ್ಚು!

ಒಂದು ಸಂಜೆ ಸಿಕಂದರನನ್ನು ಕರೆದೆ. ‘ನಂದೇನಿಲ್ಲ ಕಾಕಾ’ ಎಂದ. ಆಮೇಲೆ ತಡೆಯಲಾರದೆ, ‘ಆದ್ರ ಈ ಬುರಾನ್ಯಾನ ನೋಡ್ರಿ! ಇಪ್ಪತ್ತ ಕಿಲೋಕ್ಕ ಕಡಿಮಿ ಇಲ್ಲ, ಬರೇ ಕಾಟ್ಲಾ. ಹರಗೋಲ ಮುಳಗಾಕತ್ತದ, ಆದ್ರೂ ಮತ್ತ ಬಲಿ ಬೀಸಾಕತ್ತಾನ, ಹೊಟ್ಟಿಬಾಕ!’ ಎಂದು ಒದರಿದ. ಬುರಾನುದ್ದೀನ ಬಿಟ್ಟಾನೆಯೇ? ‘ಲೇ ಸಿಕಂದರ್ಯಾ, ನಿಂದು ಹನ್ನೆರಡ ಕಿಲೋ ರೋಹು ಗೋಣಿತಟ್ಟಿನ ಬುಡಕ ಮುಚ್ಚೀದಿ, ನಂಗ ಕಾಣಲ್ಲಂತ ತಿಳದಿ?’

ದಂಡೆಗೆ ಬಂದ ಮೇಲೆ ನಜಮುನ್ನಿಸಾ ತೂಗಿದಳು. ಇಬ್ಬರೂ ಹೇಳಿದ್ದು ಸರಿಸುಮಾರು ತಾಳೆಯಾಯಿತು. ಅವಳು ತಕ್ಕಡಿ ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು, ಎಲ್ಲರ ಮುಂದೆ ಹೇಳಿದಳು ನೋಡು ಮಾತು: ‘ತನ್ನದು ತಾ ಹೇಳಾಂಗಿಲ್ಲ, ಖರೆ. ಮಂದೀದು ಹೇಳಬಾರ್ದಂತ ಯಾರ ಹೇಳ್ಯಾರ? ಮಂದೀದು ಹೇಳಾಕ ನಿಮ್ಮ ಬಾಯಿಗಿ ಬ್ಯಾಟರಿ ಬ್ಯಾರೆ ಬೇಕೇನ್ರಿ?’

ಆಹಾ! ಕಂಪನಿಯ ಕಾಲದಲ್ಲಾಗಿದ್ದರೆ ಆ ಮಾತಿಗೆ ಮೂರು ಸಲ ಸೀಟಿ ಬೀಳುತ್ತಿತ್ತು. ಹಿರಿಯರು ಕೂತು ವಿಚಾರಿಸಿದರು, ಕಟ್ಟು ಮುರಿದಂತಾಗುವುದಿಲ್ಲ ಎಂದರು. ಅಂದಿನಿಂದ ಜೋಡಿ ಮಾಡಿದೆವು: ಇವನ ಮೀನು ಅವನು ಹೇಳಬೇಕು, ಅವನದು ಇವನು. ಬುರಾನುದ್ದೀನನಿಗೆ ಎರಡನೇ ನಂಬರು ಜೋಡಿ. ಸಿಕಂದರನಿಗೆ, ಆಚೆ ದಂಡೆಯ ಹಳೆ ಗುಡಿಯ ಬದಿಗೆ ಬಲೆ ಹಾಕುವ ನಮ್ಮ ಗುರಣ್ಣ.

ಈಗ ತಿಳಿಯಿತೇ? ತನ್ನ ಮೀನಿಗಾದರೆ ಟಕ್ ಟಕ್ ನಡೆಯುತ್ತದೆ. ಗೆಳೆಯನ ಮೀನನ್ನು ಟಕ್ ಟಕ್ ಎಂದು ಹೇಗೆ ಹೇಳುತ್ತಾನೆ?

ಆ ಸಂಜೆ ಸಿಕಂದರ ಮೊದಲು ಮಾತಾಡಿದ: ‘ಗುರಣ್ಣಂದು ಒಂಬತ್ತ ಕಿಲೋ ಕಾಟ್ಲಾ, ಹಳೇ ಗುಡಿ ಮಗ್ಗಲ.’ ನಾನು ನಾಲ್ಕನೇ ನಂಬರು ಕರೆದೆ. ಗುಂಡಿ ಒತ್ತಿದ ಸಪ್ಪಳ ಬಂತು, ಮಾತು ಬರಲಿಲ್ಲ. ಆ ಸಪ್ಪಳದ ಹಿಂದೆ, ನೀರಿನಾಚೆಯಿಂದ ಸಿಕಂದರ ಕೂಗುವುದು ಸಣ್ಣಗೆ ಕೇಳಿಸಿತು: ‘ಹೇಳಲೇ ಗುರ್ಯಾ! ನಿಮ್ಮಪ್ಪನ ಮ್ಯಾಲಿನ ಸಿಟ್ಟಿಗಿ ನನ್ನ ಮೀನ ಹೊಳಿಗಿ ಹಾಕ್ಲ್ಯಾ?’

ಆಮೇಲೆ ನನ್ನ ಮಗ ಮಾತಾಡಿದ.

‘ಸ್ಟೇಷನ್. ಸಿಕಂದರಂದು ಹದಿನಾಲ್ಕ ಕಿಲೋ. ರೋಹು.’

ಗಂಗಾ, ಮೂವತ್ತು ವರ್ಷ ರಂಗದ ಮೇಲೆ ಒಂದು ಮಾತು ಮರೆತವನಲ್ಲ ನಾನು. ಲೆಕ್ಕ ಕೇಳಿಸಿದರೆ ದಂಡೆಯವನು ‘ಮುಟ್ಟಿತು’ ಎನ್ನಬೇಕು, ಅದೊಂದೇ ನನ್ನ ಮಾತು, ಅದೂ ಬಾಯಿಗೆ ಬರಲಿಲ್ಲ. ಕೊನೆಗೆ ನಜಮುನ್ನಿಸಾ ಮೊಣಕೈಯಿಂದ ತಿವಿದು, ‘ಕಾಕಾ, ಮುಟ್ಟಿತು ಅನ್ರಿ. ಪಾಪ, ಹುಡುಗ ಕಾಯಾಕತ್ತಾನ’ ಎಂದಳು. ಅಂದೆ. ಎಷ್ಟು ಮೆತ್ತಗೆ ಅಂದೆನೆಂದರೆ, ಮರುದಿನ ಬುರಾನುದ್ದೀನ ‘ಕಾಕಾನ ಪೆಟಗಿ ಕೆಟ್ಟದ’ ಎಂದು ಊರೆಲ್ಲ ಸಾರಿದ.

ಮಹಾನವಮಿಗೆ ಸಾಹೇಬರು ಬಂದರು, ಗುಡಿಸಲಿನಲ್ಲಿ ಕೂತು ಕೇಳಿದರು, ತಕ್ಕಡಿಯ ಮುಂದೆ ನಿಂತು ನೋಡಿದರು. ಹೊಂದಿತು! ಒಬ್ಬರ ಮೀನಿನಲ್ಲಿ ಒಂದು ಕಿಲೋ ಕೂಡ ಇನ್ನೊಬ್ಬರ ಬಾಯಿಂದ ಬಚ್ಚಿಡಲಾಗಲಿಲ್ಲ. ಪೆಟ್ಟಿಗೆಗಳು ಇಲ್ಲೇ ಇರುತ್ತವೆ. ಊಟಕ್ಕೆ ಕೂಡಿಸಿದಾಗ ನಜಮುನ್ನಿಸಾ, ‘ಸಾಹೇಬ್ರ, ಇನ್ನೊಂದ ತುಂಡ ಹಾಕ್ಲ್ಯಾ? ಎಷ್ಟಾದ್ವು?’ ಎಂದು ಕೇಳಿದಳು. ಸಾಹೇಬರು ಬಾಯಿ ತೆರೆಯುವ ಮೊದಲೇ ಜೀಪಿನ ಡ್ರೈವರ್, ‘ಸಾಹೇಬ್ರವು ಐದಾದ್ವು, ಮುಟ್ಟಿತು!’ ಎಂದ. ನಕ್ಕೂ ನಕ್ಕೂ ಸಾಹೇಬರಿಗೆ ಕೆಮ್ಮು ಹತ್ತಿತು.

ಇಷ್ಟು ಇಲ್ಲಿಯ ವರ್ತಮಾನ. ನಾನು ಸುಖವಾಗಿದ್ದೇನೆ, ಸುಳ್ಳಲ್ಲ. ದಿನಕ್ಕೊಮ್ಮೆ ಮಗನ ದನಿ ಕೇಳುತ್ತೇನೆ. ಶಿವಕಾಂತಾ, ಬಿಸಿನೀರು ಬಿಟ್ಟು ತಣ್ಣೀರು ಮುಟ್ಟಬೇಡ, ನಿಮ್ಮವ್ವ ಬೈದರೆ ಕೇಳಿಸಿಕೋ. ಅಳಿಯಂದಿರಿಗೆ ನಮಸ್ಕಾರ. ದೊಡ್ಡ ಮೊಮ್ಮಕ್ಕಳಿಗೆ ತಲೆಯ ಮೇಲೆ ಕೈಯಿಟ್ಟಂತೆ ತಿಳಿಸು. ತೊಟ್ಟಿಲಿಗೆ ಹೊಸದಾಗಿ ಬಂದ ತಾಯಿಗೆ ನೂರು ವರ್ಷ ಆಯುಷ್ಯವಿರಲಿ, ಅಜ್ಜನಂಥ ಗಂಟಲಿರಲಿ, ಅಜ್ಜಿಯಂಥ ತಾಳ್ಮೆ ಇರಲಿ.

ನಿನ್ನ
ಚಂದ್ರಾಮಪ್ಪ
(ಸ್ಟೇಷನ್, ಕರಜಗಿ)

ಮರೆತಿದ್ದೆ: ಶಿವಕಾಂತಾ, ಇಲ್ಲಿಂದ ಮುಂದಿನದನ್ನು ಗಟ್ಟಿಯಾಗಿ ಓದಬೇಡ. ನಿಮ್ಮವ್ವನ ಕಿವಿಯ ಹತ್ತಿರ ಹೇಳು.

ಗಂಗಾ, ಶುಕ್ರವಾರ ದಸರೆಯ ಬನ್ನಿ ಕೊಡಲು ಊರೇ ನಮ್ಮ ಬಾಗಿಲಿಗೆ ಬಂತು. ಹೊಲದ ಬದುವಿನ ಸಲುವಾಗಿ ಕೋರ್ಟು ಹತ್ತಿದ ಮಂದಿಯೂ ಅಂದು ಬನ್ನಿ ಕೊಟ್ಟು ಕಾಲು ಮುಟ್ಟುತ್ತಾರೆ. ನಿನ್ನ ಮಗ ಬರಲಿಲ್ಲ. ಕತ್ತಲಾಗುವ ತನಕ ಕಟ್ಟೆಯ ಮೇಲೆ ಕೂತಿದ್ದೆ. ಎದುರಿನ ಓಣಿಯಿಂದ ಬಂದ, ನನ್ನನ್ನು ಕಂಡ, ಹಿಂದಿನ ಓಣಿಗೆ ತಿರುಗಿದ. ಪೆಟ್ಟಿಗೆಯಲ್ಲಿ ಸಿಕಂದರನ ಮೀನಿನ ಲೆಕ್ಕ ಹೇಳುವವನಿಗೆ ದಾರಿಯಲ್ಲಿ ನಾನು ಕರೆಂಟಿನ ಕಂಬ ಇದ್ದಂತೆ.

ನಿನ್ನೆ ಸಂಜೆ ಒಮ್ಮೆಲೇ ಗಾಳಿ ಎದ್ದಿತು, ಹಿಂದೆಯೇ ಮಳೆ. ಗುರಣ್ಣನೊಬ್ಬನನ್ನು ಬಿಟ್ಟು ಎಲ್ಲರೂ ದಂಡೆ ಮುಟ್ಟಿದರು. ಸಿಕಂದರ ತೊಯ್ದು ಬಂದು, ‘ಕಾಕಾ, ಗುರಣ್ಣ ನನಗ ಕಾಣವಲ್ಲ’ ಎಂದ. ಅವನ ಬಗ್ಗೆ ಹೇಳಬೇಕಾದವನು ಸಿಕಂದರನೊಬ್ಬನೇ. ನಾಲ್ಕನೇ ನಂಬರು ಕರೆದೆ, ನನ್ನಲ್ಲಿದ್ದ ಕಂಪನಿಯ ಗಂಟಲನ್ನೆಲ್ಲ ಸುರಿದು ಕರೆದೆ. ಸದ್ದಿಲ್ಲ. ಆಮೇಲೆ ನಂಬರು ಬಿಟ್ಟೆ. ‘ಗುರೂ, ಅದೀಯೇನಪಾ?’ ಎಂದೆ.

ಪೆಟ್ಟಿಗೆಯಲ್ಲಿ ಮಳೆ ಹುಯ್ಯುವುದು ಕೇಳಿಸಿತು. ಅದರೊಳಗಿಂದ, ‘ಅದೀನಿ.’

ಅಷ್ಟೇ. ಕೆಳಗಿನ ದಂಡೆಗೆ ಹರಿಗೋಲು ಹಚ್ಚಿ, ಹೊಲದ ದಾರಿಯಿಂದ ಮನೆಗೆ ಹೋದನಂತೆ. ಗುಡಿಸಲಿನ ಕಡೆ ಬರಲಿಲ್ಲ.

ನೀನು ಬಂದ ಮೇಲೆ ಅವನನ್ನು ಏನೂ ಕೇಳಬೇಡ, ಬೈಯಬೇಡ, ಅಳಬೇಡ. ಸಂಜೆ ಆರಕ್ಕೆ ಗುಡಿಸಲಿಗೆ ಬಂದು ನನ್ನ ಪಕ್ಕ ಕೂಡು. ಸಿಕಂದರನಿಗೆ ಎಷ್ಟು ಮೀನು ಬಿತ್ತು ಎಂದು ನಿನ್ನ ಮಗ ಹೇಳುತ್ತಾನೆ. ಸದ್ಯಕ್ಕೆ ಅಷ್ಟು ಕೇಳೋಣ.