ಎರಡಾದ ಮೇಲೆ ಇಪ್ಪತ್ತು

ತೊಂಡೇಬಾವಿ
ಶುಕ್ರವಾರ

ಅಪ್ಪನಿಗೆ ತನುಜ ಮಾಡುವ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರೇಷ್ಮೆ ಹುಳುಗಳಿಗೆ ಯಾವ ದಿನ ಏನು ಮಾಡಬೇಕೆಂದು ನಾನು ದಿನಕ್ಕೊಂದರಂತೆ ರೆಕಾರ್ಡ್ ಮಾಡಿಟ್ಟಿದ್ದನ್ನು ಮನೆಯ ಪ್ಲೇಯರ್ ಹಿಂದುಮುಂದು ಮಾಡಿಬಿಟ್ಟಿದೆ. ಅದು ಮೊದಲ ಅಂಕಿಯನ್ನಷ್ಟೇ ನೋಡಿ ಜೋಡಿಸುತ್ತದಂತೆ: ಒಂದಾದ ಮೇಲೆ ಹತ್ತು, ಎರಡಾದ ಮೇಲೆ ಇಪ್ಪತ್ತು. ಅಂಕಿಗೆ ಮೊದಲು ಸೊನ್ನೆ ಸೇರಿಸಿ 01, 02 ಎಂದು ಹೆಸರಿಡಬೇಕಿತ್ತು. ತಪ್ಪು ನನ್ನದೇ.

ಇಪ್ಪತ್ತನೆಯದು ಹುಳುಗಳ ವಿಷಯವಲ್ಲ. ನಾನು ವೇಣುವನ್ನು ರಿಜಿಸ್ಟರ್ ಮದುವೆಯಾದದ್ದನ್ನು ಹುಳು ಗೂಡು ಕಟ್ಟಿದ ಮೇಲೆ ನೀನು ಕೇಳಲಿ ಎಂದುಕೊಂಡಿದ್ದೆ. ಸಿಟ್ಟಿನಲ್ಲಿ ಅವುಗಳನ್ನು ಉಪವಾಸ ಕೆಡವುತ್ತೀಯೆಂಬ ಭಯ. ಎರಡನೇ ದಿನದ್ದನ್ನು ಹುಡುಕಿ ಹಾಕಿಕೊಂಡ ನೀನು, ಮೂರನೇ ದಿನ ಅದರ ಮುಂದಿನದನ್ನು ಒತ್ತಿ ಇದನ್ನೇ ಕೇಳಿಬಿಟ್ಟೆ. ಅಮ್ಮ ಫೋನಿನಲ್ಲಿ ಹೇಳಿದಳು: "ಅವತ್ತು ಊಟ ಮಾಡ್ಲಿಲ್ಲ ಕಣಮ್ಮ. ಆದ್ರೂ ದಿನಾ ನಿನ್ ಮಾತು ಹಾಕ್ಕೊಂಡೇ ಸೊಪ್ಪು ಕೊಡ್ತಾರೆ."

ಈ ಪೆನ್‌ಡ್ರೈವ್‌ನಲ್ಲಿ ಎಲ್ಲ ಕ್ರಮವಾಗಿವೆ. ಇಪ್ಪತ್ತನೆಯದನ್ನು ತೆಗೆದಿದ್ದೇನೆ; ಅದನ್ನು ಎದುರಿಗೆ ನಿಂತು ಹೇಳಬೇಕಿತ್ತು.

ಬುಧವಾರ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ. ಅಷ್ಟನ್ನೂ ಒಂದೇ ದಿನ ಆಯ್ದು, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ನಿಮ್ಮಿಬ್ಬರ ಕೈ ಸಾಲದು. ನಾವಿಬ್ಬರೂ ಬೆಳಗಿನ ಬಸ್ಸಿಗೆ ದಿಬ್ಬೂರಹಳ್ಳಿಗೆ ಬರುತ್ತೇವೆ. ವೇಣುವಿಗೂ ಆ ಕೆಲಸ ಗೊತ್ತು.

ಬರಬೇಡಿ ಎನ್ನುವುದಾದರೆ ಮಾತ್ರ ಫೋನ್ ಮಾಡು.

ನಿನ್ನ ಮಗಳು,
ತನುಜ