ಸೇವ್ ಮಾಡದೆ ಹೊರಬಂದೆ

ಕೋಬಾನ್, ಆಗಸ್ಟ್ 12, ಮಂಗಳವಾರ

ನನ್ನ ಬೆರಳುಗಳ ಮೇಲೇ ಸಿಟ್ಟು, ಇನ್ನೂ ಇಳಿದಿಲ್ಲ. ಮೌಸ್ ಮುಟ್ಟದೆ ಕಪ್ಪು ಪರದೆಯಲ್ಲಿ ಫೋಲ್ಡರ್ ಹುಡುಕುವುದು, ಬರೆಯುವುದು ಎಲ್ಲ ನಮ್ಮ ಕಚೇರಿಯ ರುಪೆರ್ತೊ ಎರಡು ವಾರ ಕಲಿಸಿದ. ಅಭ್ಯಾಸದ ಫೈಲು ಕೆಡಬಾರದೆಂದು ಪ್ರತಿ ಸಲವೂ ಸೇವ್ ಮಾಡದೆ ಹೊರಬರುವ ಕಮಾಂಡನ್ನೇ ಒತ್ತಿಸಿದ.

ಅಂತರ್ಯುದ್ಧದಲ್ಲಿ ಕಾಣೆಯಾದವರ ಮನೆಯವರು ಹೇಳಿದ್ದನ್ನು ದಾಖಲಿಸುವುದು ನಮ್ಮ ಕೆಲಸ; ಇವತ್ತು ನನ್ನ ಮೊದಲ ನಿಜವಾದ ಹೇಳಿಕೆ. ಸೈನಿಕರು ಎಳೆದೊಯ್ದ ತನ್ನ ತಮ್ಮನ ಕಥೆಯನ್ನು ಡೋನ್ಯಾ ಎರ್ಮೆಲಿಂದಾ ಎಂಬ ಅಜ್ಜಿ ಮೂರು ಗಂಟೆ ಹೇಳಿದರು, ನಾನು ಟೈಪ್ ಮಾಡಿದೆ. ಮುಗಿದೊಡನೆ ಬೆರಳು ಅದೇ ಕಮಾಂಡ್ ಒತ್ತಿತು. ಎಲ್ಲ ಹೋಯಿತು.

ಅವರಿಗೆ ಗೊತ್ತಾಗಲಿಲ್ಲ. "ನಲವತ್ತು ವರ್ಷ ಹೊಟ್ಟೇಲಿಟ್ಕೊಂಡಿದ್ದೆ ಮಗಳೇ. ಇನ್ನೊಂದ್ಸಲ ಹೇಳೋ ಶಕ್ತಿ ಇಲ್ಲ. ಇನ್ಮೇಲೆ ನೀನೇ ಜೋಪಾನ ಮಾಡು," ಅಂದರು. ಹೂಂ ಅಂದುಬಿಟ್ಟೆ.

ಅವರು ಹೋದಮೇಲೆ ರುಪೆರ್ತೊ ತಲೆ ಚಚ್ಚಿಕೊಂಡ: "ಆ ಕಮಾಂಡ್ ಕ್ಲಾಸಿಗೆ ಮಾತ್ರ ಕಣೇ!"

ನೆನಪಿದ್ದಷ್ಟು ಈ ಡೈರಿಯಲ್ಲೇ ಬರೆಯೋಣವೆಂದು ಕೂತಿದ್ದೇನೆ. ತಮ್ಮನ ಅಂಗಿ ಯಾವ ಬಣ್ಣದ್ದು? ಮೂರು ಸಲ ಹೇಳಿದ್ದರಲ್ಲ…